ಏನನ್ನೂ ಬೀಸದ ಹಿಡಿಕೆ

ಆಟಿಕೆಯನ್ನು ಯಾರಾದರೂ ವಿಮರ್ಶೆ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ಕಾದಂಬರಿಗೆ ವಿಮರ್ಶೆ ಉಂಟು, ಕವನಸಂಕಲನಕ್ಕೆ ಉಂಟು, ನಾಟಕ ಸಿನಿಮಾಗಳಿಗೆ ಉಂಟು. ಈಗೀಗ ಹೋಟೆಲಿನ ದೋಸೆಗೂ ವಿಮರ್ಶೆ ಬರೆಯುತ್ತಾರೆ. ಆದರೆ ಮಗು ಆಡಿ ಮೂಲೆಗೆಸೆಯುವ ವಸ್ತುವಿನ ಬಗ್ಗೆ ನಾವು ಕೇಳುವುದು ಎರಡೇ ಪ್ರಶ್ನೆ. ಬೆಲೆ ಎಷ್ಟು? ಎಷ್ಟು ದಿನ ಬಾಳಿಕೆ ಬಂತು? ಅದರಾಚೆಗೆ ಆ ವಸ್ತು ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ, ಹೇಳಿದ್ದು ಸರಿಯೇ ಎಂದು ಕೇಳುವ ಅಭ್ಯಾಸ ನಮಗಿಲ್ಲ. ಮಕ್ಕಳ ಕೈಗೆ ಮೊದಲು ಬರುವುದು ಪುಸ್ತಕವಲ್ಲ, ಆಟಿಕೆ. ಪುಸ್ತಕವನ್ನು ಇಷ್ಟು ತೂಗಿ ನೋಡುವ ನಾವು ಆಟಿಕೆಯನ್ನೇಕೆ ಸುಮ್ಮನೆ ಬಿಟ್ಟೆವೋ ತಿಳಿಯದು.

ನಾನು ಬರೆಯಹೊರಟಿರುವುದು ತಂತಿಯ ಒಂದು ಆಟಿಕೆಯ ಬಗ್ಗೆ. ಅದರ ಹೆಸರು 'ಗೋಲ್ಡ್‌ಫಿಶ್ ಬೌಲ್', ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಂಬಣ್ಣದ ಮೀನಿನ ಬೋಗುಣಿ. ಮಾಡಿದವನು ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್, ಮಾಡಿದ್ದು 1929ರಲ್ಲಿ. ತಂತಿಯನ್ನು ಬಗ್ಗಿಸಿ ಬೋಗುಣಿಯ ಅಂಚನ್ನಷ್ಟೇ ಗೆರೆ ಎಳೆದ ಹಾಗೆ ತೋರಿಸಿದ್ದಾನೆ. ಗಾಜಿಲ್ಲ, ನೀರಿಲ್ಲ. ಒಳಗೆ ಎರಡು ಮೀನು, ಅವೂ ಬರೀ ತಂತಿಯ ಗೆರೆಗಳೇ. ಒಂದು ಹಿಡಿಕೆ ಇದೆ. ಅದನ್ನು ಕೈಯಿಂದ ತಿರುಗಿಸಿದರೆ ಮೀನುಗಳು ಅಲುಗುತ್ತವೆ. ಕೃತಿ ಎಂದರೆ ಇಷ್ಟೇ.

ಈ ಕೃತಿಯನ್ನು ನಾನು ಕಂಡಿರುವುದು ಚಿತ್ರದಲ್ಲಿ. ತಿರುಗಿಸಬೇಕಾದ ವಸ್ತುವನ್ನು ಚಿತ್ರದಲ್ಲಿ ನೋಡಿ ತೀರ್ಪು ಕೊಡುವುದೆಂದರೆ ಅಡಿಗೆಯ ಫೋಟೋ ನೋಡಿ ಉಪ್ಪು ಹೆಚ್ಚಾಯಿತೆಂದ ಹಾಗೆ. ಅದಕ್ಕಾಗಿ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯರೊಂದಿಗೆ ಕುಳಿತು ಅದೇ ಜಾತಿಯ ಒಂದು ಆಟಿಕೆ ಮಾಡಿ, ತಿರುಗಿಸಿ ನೋಡಿ, ಆಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ. ನಮ್ಮದು ಕಾಲ್ಡರನ ನಕಲಲ್ಲ. ಆದರೆ ತಂತಿ ತಂತಿಯೇ, ಹಿಡಿಕೆ ಹಿಡಿಕೆಯೇ. ಮಾಡಿ ನೋಡಿದ ಮೇಲೆ ಚಿತ್ರದಲ್ಲಿ ಕಾಣದಿದ್ದ ಎಷ್ಟೋ ಸಂಗತಿ ಕಂಡವು.

ಮೊದಲು ಮಾಡಿದವನ ಬಗ್ಗೆ ನಾಲ್ಕು ಮಾತು. ಕಾಲ್ಡರ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಅಜ್ಜ ಶಿಲ್ಪಿ, ಅಪ್ಪ ಶಿಲ್ಪಿ, ತಾಯಿ ನ್ಯಾನೆಟ್ ಲೆಡರರ್ ಕಾಲ್ಡರ್ ಚಿತ್ರಕಲಾವಿದೆ. ಫಿಲಡೆಲ್ಫಿಯಾ ನಗರಸಭೆಯ ಗೋಪುರದ ತುದಿಯಲ್ಲಿ ನಿಂತಿರುವ ವಿಲಿಯಂ ಪೆನ್ನನ ಭಾರಿ ಕಂಚಿನ ಮೂರ್ತಿ ಅಜ್ಜನ ಕೈಕೆಲಸ. ಇಂಥ ಮನೆಯ ಹುಡುಗ ಕಲಾಶಾಲೆಗೆ ಹೋಗುವ ಮೊದಲು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. 1919ರಲ್ಲಿ ಪದವಿ ಪಡೆದ. ಅಜ್ಜನ ಕಂಚಿನ ಮೂರ್ತಿ ಟನ್ನುಗಟ್ಟಲೆ ತೂಗುತ್ತದೆ. ಮೊಮ್ಮಗನ ಮೀನಿನ ಬೋಗುಣಿಯನ್ನು ಒಂದು ಕೈಯಲ್ಲಿ ಎತ್ತಬಹುದು. ಮೂರು ತಲೆಮಾರಿನಲ್ಲಿ ಶಿಲ್ಪ ಎಷ್ಟು ಹಗುರವಾಯಿತು ನೋಡಿ!

ಅವನ ತಂತಿಯ ಹುಚ್ಚು ಬಾಲ್ಯದ್ದು. ಚಿಕ್ಕವನಿದ್ದಾಗ ಬೀದಿಯಲ್ಲಿ ಬಿದ್ದಿದ್ದ ತಾಮ್ರದ ತಂತಿಯ ತುಂಡುಗಳನ್ನು ಆಯ್ದು ತಂದು ಅಕ್ಕನ ಗೊಂಬೆಗಳಿಗೆ ಆಭರಣ ಮಾಡುತ್ತಿದ್ದ. 1909ರ ಕ್ರಿಸ್‌ಮಸ್ಸಿಗೆ, ಹನ್ನೊಂದನೆಯ ವಯಸ್ಸಿನಲ್ಲಿ, ಹಿತ್ತಾಳೆಯ ತಗಡನ್ನು ಕತ್ತರಿಸಿ ಬಗ್ಗಿಸಿ ಒಂದು ನಾಯಿ, ಒಂದು ಬಾತುಕೋಳಿ ಮಾಡಿ ಅಪ್ಪ ಅಮ್ಮನಿಗೆ ಕೊಟ್ಟ. ಬಾತುಕೋಳಿಯನ್ನು ಬೆರಳಿಂದ ತಟ್ಟಿದರೆ ತೂಗಾಡುತ್ತಿತ್ತು. ಇದಾಗಿ ಇಪ್ಪತ್ತು ವರ್ಷಕ್ಕೆ, 1929ರ ಕ್ರಿಸ್‌ಮಸ್ಸಿಗೆ, ತಾಯಿಗೆ ಕೊಟ್ಟ ಉಡುಗೊರೆಯೇ ಈ ಮೀನಿನ ಬೋಗುಣಿ. ಆಗ ಅವನಿಗೆ ಮೂವತ್ತೊಂದು. ಹನ್ನೊಂದರ ಹುಡುಗ ಅಮ್ಮನಿಗೆ ಆಟಿಕೆ ಕೊಡುವುದು ಸಹಜ. ಮೂವತ್ತೊಂದರ ಗಂಡಸು, ಅದೂ ಪ್ಯಾರಿಸ್ಸಿನಲ್ಲಿ ಹೆಸರು ಮಾಡುತ್ತಿದ್ದವನು, ಸೀರೆಯಂಥದ್ದನ್ನೋ ಬೆಳ್ಳಿಯ ಸಾಮಾನನ್ನೋ ಕೊಡದೆ ತಿರುಗಿಸುವ ಆಟಿಕೆ ಕೊಟ್ಟ ಎನ್ನುವುದೇ ನನ್ನನ್ನು ಈ ಕೃತಿಯ ಬಳಿ ನಿಲ್ಲಿಸಿದ್ದು.

ಈಗ ಹಿಡಿಕೆಯ ವಿಚಾರ. ಎಂಜಿನಿಯರುಗಳು ಇದನ್ನು ಕ್ರ್ಯಾಂಕ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಅಜ್ಜಿಯರಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೀಸುವ ಕಲ್ಲಿನ ಗೂಟ ಕಲ್ಲಿನ ನಡುವೆ ಇರುವುದಿಲ್ಲ, ಅಂಚಿಗೆ ಇರುತ್ತದೆ. ಅದನ್ನು ಹಿಡಿದು ಕೈ ಹೋಗಿ ಬಂದರೆ ಕಲ್ಲು ಸುತ್ತು ಹಾಕುತ್ತದೆ. ಯಂತ್ರಗಳ ಚರಿತ್ರೆ ಬರೆದ ಹಲವರು ಕ್ರ್ಯಾಂಕಿನ ಹಳೆಯ ರೂಪ ಬೀಸುಕಲ್ಲಿನ ಈ ಗೂಟವೇ ಎಂದಿದ್ದಾರೆ. ಅಲ್-ಜಜರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ನೀರೆತ್ತುವ ಯಂತ್ರಕ್ಕೆ ಕ್ರ್ಯಾಂಕ್ ಜೋಡಿಸಿದ ವಿವರ ಇದೆ. ಗೂಟದಲ್ಲಿ ಕೈಯ ಹೋಗಿಬರುವಿಕೆ ಸುತ್ತಾಗುತ್ತದೆ. ಅದನ್ನೇ ತಿರುವು ಹಾಕಿದರೆ ಸುತ್ತುವಿಕೆ ಏರಿಳಿತವಾಗುತ್ತದೆ. ತಂತಿಯ ಮೀನು ಮೇಲೆ ಕೆಳಗೆ ಆಡುವುದು ಈ ಎರಡನೆಯ ಬಗೆಯಿಂದ.

ನಾವು ಮಾಡಿದ ಬಗೆಯನ್ನು ಹೇಳುತ್ತೇನೆ. ನೀವೂ ಒಂದು ಭಾನುವಾರ ಮಧ್ಯಾಹ್ನ ಮಾಡಿ ನೋಡಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ 16 ನಂಬರಿನ ಜಿ.ಐ. ತಂತಿ ಮತ್ತು 18 ನಂಬರಿನದು ಕೇಳಿ. ನಂಬರು ಹೆಚ್ಚಾದಷ್ಟೂ ತಂತಿ ತೆಳ್ಳಗೆ. 16ರದ್ದು ಸುಮಾರು 1.6 ಮಿಲಿಮೀಟರ್ ದಪ್ಪ, 18ರದ್ದು ಸುಮಾರು 1.2. ಮನೆ ಕಟ್ಟುವವರು ಕಬ್ಬಿಣದ ಸರಳು ಬಿಗಿಯಲು ಬಳಸುವ ಕಟ್ಟುಕಂಬಿ ಬೇಡ. ಅದು ಬಹಳ ಮೆದು, ಹಿಡಿಕೆ ಎರಡು ಸುತ್ತಿಗೇ ಸೊಟ್ಟಗಾಗುತ್ತದೆ. ದಪ್ಪ ತಂತಿಯಿಂದ ಚೌಕಟ್ಟು, ತೆಳು ತಂತಿಯಿಂದ ಉಳಿದದ್ದು. ಸಾಧನ ಒಂದೇ, ಮೂತಿ ಚೂಪಾದ ಇಕ್ಕಳ.

ಚೌಕಟ್ಟಿನ ಎರಡು ಕಾಲುಗಳಲ್ಲಿ ಒಂದೇ ಎತ್ತರಕ್ಕೆ ಒಂದೊಂದು ಉಂಗುರ ಸುತ್ತಬೇಕು. ಆ ಉಂಗುರಗಳ ಮೂಲಕ ಅಡ್ಡಲಾಗಿ ಹಾಯುವ ತಂತಿಯೇ ಅಚ್ಚು. ಅಚ್ಚಿನ ನಡುಭಾಗದಲ್ಲಿ ಎರಡು ಕಡೆ ತಂತಿಯನ್ನು ಚೌಕಾಕಾರದಲ್ಲಿ ಮಡಿಚಬೇಕು, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಒಂದೊಂದು ಮಡಿಕೆಯ ಎತ್ತರ 1 ಸೆಂಟಿಮೀಟರ್ ಇದ್ದರೆ ಮೀನು 2 ಸೆಂಟಿಮೀಟರ್ ಏರಿಳಿಯುತ್ತದೆ, ಏಕೆಂದರೆ ಮಡಿಕೆ ಅಚ್ಚಿನ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. ತ್ರಿಜ್ಯ ಮತ್ತು ವ್ಯಾಸದ ಪಾಠವನ್ನು ಬಾಯಿಪಾಠ ಮಾಡಿದ್ದ ಹುಡುಗಿಯೊಬ್ಬಳು ಇದನ್ನು ಅಳತೆಪಟ್ಟಿಯಿಂದ ಅಳೆದು ನೋಡಿ, "ಟೀಚರ್, ವ್ಯಾಸ ಅಂದ್ರೆ ಇದೇನಾ!" ಎಂದಳು. ಪ್ರತಿ ಮಡಿಕೆಗೆ ಒಂದು ಕಡ್ಡಿ, ಕಡ್ಡಿಯ ಬುಡದಲ್ಲಿ ಮಡಿಕೆಯನ್ನು ಅಪ್ಪುವ ಉಂಗುರ, ಮೇಲೆ ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ಕಡ್ಡಿ ತೂರಿಹೋಗುವ ಇನ್ನೊಂದು ಉಂಗುರ, ತುದಿಯಲ್ಲಿ ಮೀನು. ಅಚ್ಚು ಆಚೆ ಈಚೆ ಜಾರದ ಹಾಗೆ ಎರಡು ಮಣಿ. ಅಚ್ಚಿನ ಕೊನೆಯನ್ನು ಬಗ್ಗಿಸಿದರೆ ಹಿಡಿಕೆ. ಮುಗಿಯಿತು.

ಮಾಡಿದ ಮೇಲೆ ತಿಳಿದ ಮೊದಲ ಸಂಗತಿ ಇದು. ಈ ಆಟಿಕೆಯ ಜೀವ ಇರುವುದು ಅದರ ಸಡಿಲದಲ್ಲಿ. ಮೇಲಿನ ಉಂಗುರ ತೀರ ಬಿಗಿಯಾದರೆ ಕಡ್ಡಿ ಸಿಕ್ಕಿಕೊಳ್ಳುತ್ತದೆ. ತಕ್ಕಮಟ್ಟಿಗೆ ಸಡಿಲವಿದ್ದರೆ ಕಡ್ಡಿ ನೇರವಾಗಿ ಏರಿ ನೇರವಾಗಿ ಇಳಿಯುವುದಿಲ್ಲ. ಬುಡ ಬಲಕ್ಕೆ ಸರಿದಾಗ ತುದಿ ಎಡಕ್ಕೆ ವಾಲುತ್ತದೆ, ಬುಡ ಎಡಕ್ಕೆ ಬಂದಾಗ ತುದಿ ಬಲಕ್ಕೆ. ಹೀಗಾಗಿ ಮೀನಿನ ದಾರಿ ಗೆರೆಯಲ್ಲ, ಉದ್ದನೆಯ ಮೊಟ್ಟೆಯಂಥ ಒಂದು ಸುತ್ತು. ಏರುತ್ತ ಒಂದು ಕಡೆಗೆ ತೊನೆದು ಇಳಿಯುತ್ತ ಇನ್ನೊಂದು ಕಡೆಗೆ ತೊನೆಯುವ ಮೀನು ನೀರಿಲ್ಲದೆಯೂ ಈಜಿದ ಹಾಗೆ ಕಾಣುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ದೋಷವೆನ್ನಿಸಿಕೊಳ್ಳುವ ಈ ಸಡಿಲ ಆಟಿಕೆಯಲ್ಲಿ ಗುಣ. ಎಂಜಿನಿಯರಿಂಗ್ ಓದಿದ ಕಾಲ್ಡರನಿಗೆ ಇದು ಚೆನ್ನಾಗಿಯೇ ಗೊತ್ತಿದ್ದಿರಬೇಕು. ಕೈಯಲ್ಲಿ ಬಗ್ಗಿಸಿದ ತಂತಿಯ ಗೆರೆ ಅಲ್ಲಿ ಇಲ್ಲಿ ನಡುಗುವುದನ್ನು ಅವನು ತಿದ್ದಲು ಹೋಗಿಲ್ಲ.

ಎರಡನೆಯ ಸಂಗತಿ, ಇದರಲ್ಲಿ ಮುಚ್ಚುಮರೆ ಇಲ್ಲ. ಬೋಗುಣಿಯ ಗಾಜನ್ನು ತೋರಿಸಲು ತಂತಿಗಿಂತ ಒಳ್ಳೆಯ ವಸ್ತು ಸಿಗದು. ಗಾಜು ಕಾಣುವುದೂ ಅಂಚಿನಿಂದಲೇ ಅಲ್ಲವೇ? ಆದರೆ ಅದಕ್ಕಿಂತ ಹೆಚ್ಚಿನದೊಂದು ಇಲ್ಲಿದೆ. ಮೀನನ್ನು ನೋಡುವ ಕಣ್ಣಿಗೆ ಮೀನನ್ನು ಅಲುಗಿಸುವ ಹಿಡಿಕೆಯೂ ಕಾಣುತ್ತದೆ. ಕುಣಿಯುವ ಗೊಂಬೆ ಬೇರೆ, ಕುಣಿಸುವ ಯಂತ್ರ ಬೇರೆ ಎಂದಿಲ್ಲ. ಎರಡೂ ಒಂದೇ ತಂತಿ. ಇದನ್ನು ಮೋಸವಿಲ್ಲದ ಆಟಿಕೆ ಎಂದು ಕರೆಯಬಹುದು.

ದೋಷವನ್ನೂ ಹೇಳಬೇಕು, ಇಲ್ಲವಾದರೆ ಅದು ವಿಮರ್ಶೆಯಲ್ಲ, ಹೊಗಳಿಕೆ. ಈ ಬಗೆಯ ಆಟಿಕೆ ಹೇಳುವುದು ಒಂದೇ ಮಾತು. ಹತ್ತು ಸುತ್ತು ತಿರುಗಿಸಿದ ಮೇಲೆ ಹನ್ನೊಂದನೆಯ ಸುತ್ತಿನಲ್ಲಿ ಹೊಸದೇನೂ ಆಗುವುದಿಲ್ಲ. ಮೀನು ಬೋಗುಣಿಯಿಂದ ಹಾರುವುದಿಲ್ಲ, ಬೆಕ್ಕೂ ಬರುವುದಿಲ್ಲ. ಕಥೆ ಮುಂದೆ ಸಾಗುವುದಿಲ್ಲ. ನಮ್ಮ ಹುಡುಗಿಯರೇ ಅರ್ಧ ಗಂಟೆಯ ನಂತರ "ಇದಕ್ಕೊಂದು ಬೆಕ್ಕು ಜೋಡಿಸೋಣ ಟೀಚರ್" ಎಂದರು. ಅವರು ಹೇಳಿದ್ದು ನ್ಯಾಯವಾದ ವಿಮರ್ಶೆಯೇ. ಕಾಲ್ಡರನ ಮೀನುಗಳು ಸೊಗಸಾಗಿವೆ, ಆದರೆ ಸೊಗಸಿನ ಮಿತಿಯೂ ಬೇಗ ಗೊತ್ತಾಗುತ್ತದೆ.

ಹಾಗಾದರೆ ಕಥೆ ಸಾಗುವ ಆಟಿಕೆ ಕಾಲ್ಡರ್ ಮಾಡಲಿಲ್ಲವೇ? ಮಾಡಿದ. ಅವನ ಹೆಸರು ಹೆಚ್ಚು ಜನರಿಗೆ ಗೊತ್ತಾದದ್ದೇ ಅದರಿಂದ. 1926ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಒಂದು ಪುಟ್ಟ ಸರ್ಕಸ್ ಕಟ್ಟಲು ತೊಡಗಿ 1931ರ ತನಕ ಬೆಳೆಸುತ್ತ ಹೋದ. ತಂತಿ, ಬಟ್ಟೆಯ ಚೂರು, ಬಿರಡೆ, ಮರ, ದಾರ ಇವುಗಳಿಂದ ಮಾಡಿದ ಕಸರತ್ತಿನವರು, ಸಿಂಹ, ಆನೆ, ಕುದುರೆ, ವಿದೂಷಕ. ಮೊದಲು ಎರಡು ಸೂಟ್‌ಕೇಸಿನಲ್ಲಿ ಹಿಡಿಸುತ್ತಿದ್ದ ಸರ್ಕಸ್ಸಿಗೆ ಕೊನೆಗೆ ಐದು ಬೇಕಾದವು. ಗೆಳೆಯರನ್ನು ಕರೆದು ಕೂರಿಸಿ ನೆಲದ ಮೇಲೆ ಮಂಡಿಯೂರಿ ತಾನೇ ಎಲ್ಲವನ್ನೂ ಆಡಿಸುತ್ತಿದ್ದ. ದಾರ ಎಳೆಯುವವನೂ ಅವನೇ, ಹಿಡಿಕೆ ತಿರುಗಿಸುವವನೂ ಅವನೇ, ಸಿಂಹದ ಗರ್ಜನೆಯೂ ಅವನದೇ. ಕಾರ್ಲೋಸ್ ವಿಲಾರ್ದೆಬೊ 1961ರಲ್ಲಿ ಇದನ್ನು ಚಲನಚಿತ್ರವಾಗಿ ತೆಗೆದಿದ್ದಾನೆ. ಅದರಲ್ಲಿ ಬೆಳ್ಳಿಗೂದಲಿನ ದಪ್ಪ ದೇಹದ ಕಾಲ್ಡರ್ ಪುಟ್ಟ ಗೊಂಬೆಗಳ ನಡುವೆ ಮಗುವಿನಂತೆ ತಲ್ಲೀನನಾಗಿ ಆಡುತ್ತಿರುವುದನ್ನು ನೋಡಿದರೆ ಯಾರಿಗಾದರೂ ಮನಸ್ಸು ಅರಳುತ್ತದೆ. ಹೆಂಡತಿ ಲೂಯಿಸಾ ಗ್ರಾಮಫೋನ್ ನೋಡಿಕೊಳ್ಳುತ್ತಾರೆ.

ಸರ್ಕಸ್ಸು ದೊಡ್ಡ ಕೃತಿ, ಮೀನಿನ ಬೋಗುಣಿ ಸಣ್ಣದು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ನನ್ನ ತಕ್ಕಡಿ ಬೋಗುಣಿಯ ಕಡೆಗೇ ವಾಲುತ್ತದೆ. ಕಾರಣ ಒಂದೇ. ಸರ್ಕಸ್ಸಿನಲ್ಲಿ ಹಿಡಿಕೆ ಕಾಲ್ಡರನ ಕೈಯಲ್ಲಿದೆ, ಉಳಿದವರು ಪ್ರೇಕ್ಷಕರು. ಬೋಗುಣಿಯಲ್ಲಿ ಹಿಡಿಕೆಯನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟ. ತಾಯಿ ಬೇಗ ತಿರುಗಿಸಿದರೆ ಮೀನು ಗಾಬರಿಯಿಂದ ಓಡಾಡುತ್ತವೆ, ನಿಧಾನ ತಿರುಗಿಸಿದರೆ ತೂಕಡಿಸುತ್ತ ಈಜುತ್ತವೆ, ಹಿಮ್ಮುಖ ತಿರುಗಿಸಿದರೆ ದಾರಿ ತಿರುಗಿಸಿಕೊಳ್ಳುತ್ತವೆ, ನಿಲ್ಲಿಸಿದರೆ ನಿಲ್ಲುತ್ತವೆ. ಹನ್ನೊಂದನೆಯ ಸುತ್ತಿನಲ್ಲಿ ಹೊಸದಾಗುವುದು ಏನಾದರೂ ಇದ್ದರೆ ಅದು ತಿರುಗಿಸುವವಳ ಕೈಯಿಂದಲೇ ಆಗಬೇಕು. ಆಟಿಕೆಯ ದೋಷವೆಂದು ಮೇಲೆ ಹೇಳಿದ ಬಡತನ ಹೀಗೆ ಆಡುವವರಿಗೆ ಬಿಟ್ಟ ಜಾಗವೂ ಆಗಿದೆ. ಸರ್ಕಸ್ಸು 1983ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಸೇರಿತು. ಅದನ್ನು ಆಡಿಸುತ್ತಿದ್ದ ಕಾಲ್ಡರ್ 1976ರಲ್ಲೇ ತೀರಿಕೊಂಡಿದ್ದ. ಆಡಿಸುವವನು ಹೋದ ಮೇಲೆ ಅದು ನೋಡುವ ವಸ್ತುವಾಯಿತು. ಹಿಡಿಕೆಯನ್ನು ಒಬ್ಬರೇ ಹಿಡಿದುಕೊಂಡ ಯಾವ ಆಟಕ್ಕೂ ಇದು ತಪ್ಪದು.

ಈ ಹಿಡಿಕೆ ಕಾಲ್ಡರನ ಕಲೆಯಲ್ಲಿ ಬಹಳ ದಿನ ಉಳಿಯಲಿಲ್ಲ. 1930ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಮಾಂಡ್ರಿಯಾನ್ ಎಂಬ ಚಿತ್ರಕಾರನ ಕೋಣೆಗೆ ಹೋಗಿದ್ದ. ಗೋಡೆಯ ಮೇಲಿನ ಬಣ್ಣಬಣ್ಣದ ಚೌಕಗಳನ್ನು ಕಂಡು ಇವು ಅಲುಗಾಡುವಂತಿದ್ದರೆ ಎಷ್ಟು ಚೆಂದ ಎಂದುಕೊಂಡ. ಅಲ್ಲಿಂದ ಮೀನು, ಸಿಂಹ, ವಿದೂಷಕರು ಹಿಂದೆ ಸರಿದು ಬರೀ ಗೋಲ, ಗೆರೆ, ವೃತ್ತಗಳು ಬಂದವು. ಕೆಲವನ್ನು ಹಿಡಿಕೆಯಿಂದ ತಿರುಗಿಸಬೇಕಿತ್ತು, ಕೆಲವಕ್ಕೆ ಮೋಟಾರು. 1931ರಲ್ಲಿ ಮಾರ್ಸೆಲ್ ದ್ಯುಶಾಂ ಇವಕ್ಕೆ 'ಮೊಬೈಲ್' ಎಂದು ಹೆಸರಿಟ್ಟ. ಇಂದು ನಮ್ಮೆಲ್ಲರ ಕೈಯಲ್ಲಿರುವ ಫೋನಿಗೂ ಅದೇ ಹೆಸರು. ಆದರೆ ಅಂದಿನ ಆ ಹೆಸರು ಹುಟ್ಟಿದ್ದು ಹಿಡಿಕೆ ಮತ್ತು ಮೋಟಾರಿನ ಶಿಲ್ಪಗಳಿಗೆ.

ಮೋಟಾರಿನ ಶಿಲ್ಪ ಅದನ್ನೇ ಅದನ್ನೇ ಮಾಡುತ್ತದೆಂದು ಕಾಲ್ಡರನಿಗೆ ಬೇಸರ ಬಂತು. ಆಮೇಲೆ ಅವನು ಶಿಲ್ಪಗಳನ್ನು ಮೇಲಿನಿಂದ ತೂಗುಬಿಟ್ಟು ಗಾಳಿಗೆ ಒಪ್ಪಿಸಿದ. ಆ ತೂಗುಶಿಲ್ಪಗಳೇ ಅವನಿಗೆ ಜಗತ್ತಿನ ಕೀರ್ತಿ ತಂದವು. ಕಲೆಯ ಇತಿಹಾಸ ಬರೆಯುವವರು ಇದನ್ನು ಮೇಲಕ್ಕೇರಿದ ಮೆಟ್ಟಿಲೆಂದು ಬರೆಯುತ್ತಾರೆ. ಮೊದಲು ಹಿಡಿಕೆ, ಆಮೇಲೆ ಮೋಟಾರು, ಕೊನೆಗೆ ಗಾಳಿ ಎಂಬ ಕ್ರಮ. ಇಲ್ಲಿ ನನ್ನದೊಂದು ತಕರಾರು ಇದೆ. ಮೋಟಾರಿನ ದೋಷವನ್ನು ಹಿಡಿಕೆಯ ತಲೆಗೂ ಕಟ್ಟಿದ್ದು ಸರಿಯಲ್ಲ. ಮೋಟಾರು ಒಂದೇ ವೇಗದಲ್ಲಿ ತಿರುಗುತ್ತದೆ, ಕೈ ಹಾಗೆ ತಿರುಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡು ಕಟ್ಟಿದರು. ಒಬ್ಬೊಬ್ಬರ ಕೈಯ ಓಟ ಬೇರೆ, ಒಬ್ಬೊಬ್ಬರ ಹಾಡಿನ ಧಾಟಿ ಬೇರೆ. ಹಿಟ್ಟಿನ ಗಿರಣಿಗೆ ಯಾರೂ ಹಾಡು ಕಟ್ಟಿದ್ದನ್ನು ನಾನು ಕೇಳಿಲ್ಲ. ಗಾಳಿ ಸುಂದರವೇ, ಒಪ್ಪಿದೆ. ಆದರೆ ಗಾಳಿಗೆ ನಾವು ಬೇಕಾಗಿಲ್ಲ. ಹಿಡಿಕೆಗೆ ನಾವು ಬೇಕು.

ಇನ್ನು ಹೆಂಗಸರ ಮಾತಿಗೆ ಬರುತ್ತೇನೆ. ನಮ್ಮ ಜನ್ಮದಲ್ಲಿ ನಾವು ತಿರುಗಿಸಿದ ಹಿಡಿಕೆಗಳನ್ನು ಲೆಕ್ಕ ಹಾಕಿ. ರಾಗಿಕಲ್ಲು, ಬಾವಿಯ ರಾಟೆ, ಶಾವಿಗೆ ಮಿಷನ್ನು, ಕೈಹೊಲಿಗೆಯ ಯಂತ್ರ. ಎಲ್ಲ ಹಿಡಿಕೆಗೂ ಒಂದು ಫಲವಿತ್ತು, ಆ ಫಲಕ್ಕೆ ಕಾಯುವ ಬಾಯಿಗಳಿದ್ದವು. ಹಿಟ್ಟು ಬರಬೇಕು, ನೀರು ಬರಬೇಕು, ಹೊಲಿಗೆ ಬೀಳಬೇಕು. ಹೆಂಗಸು ಹಿಡಿಕೆ ತಿರುಗಿಸುತ್ತಿದ್ದಾಳೆ ಎಂದರೆ ಇನ್ನಾರಿಗೋ ಏನೋ ಆಗುತ್ತಿದೆ ಎಂದರ್ಥ. ನಾನು ಬೆಳೆದ ಮನೆಯಲ್ಲಿ ಕಲ್ಲಿನ ಸದ್ದು ನಿಂತಿತೆಂದರೆ ಒಳಗಿನಿಂದ "ಆಯ್ತೇನೇ?" ಎಂಬ ಕೂಗು ಬರುತ್ತಿತ್ತು. ಸುಮ್ಮನೆ ತಿರುಗಿಸಿ, ಬಂದದ್ದನ್ನು ನೋಡಿ ನಕ್ಕು, ಬೇಡವೆನಿಸಿದಾಗ ಬಿಟ್ಟುಬಿಡುವ ಹಿಡಿಕೆ ಯಾವ ಹೆಂಗಸಿಗೂ ಯಾರೂ ಕೊಟ್ಟಿದ್ದನ್ನು ಕಾಣೆ.

ಮೀನಿನ ಬೋಗುಣಿಯ ಹಿಡಿಕೆ ಏನನ್ನೂ ಬೀಸುವುದಿಲ್ಲ, ಏನನ್ನೂ ಎತ್ತುವುದಿಲ್ಲ. ನ್ಯಾನೆಟ್ ಅವರು ಮನೆ ಮಕ್ಕಳ ನಡುವೆ ಬಣ್ಣ ಕುಂಚ ಹಿಡಿದ ಹೆಣ್ಣು, ಶಿಲ್ಪಿಯ ಹೆಂಡತಿ, ಶಿಲ್ಪಿಯ ತಾಯಿ. ಜನ ನೆನೆಯುವಾಗ ಗಂಡನ ಹೆಸರು, ಮಗನ ಹೆಸರು ಹೇಳಿ ಆಮೇಲೆ ಇವರ ಹೆಸರು ಹೇಳುತ್ತಾರೆ. ಮಗ ಮಾಡಿದ ಆಟಿಕೆ ಅವರ ಕೈಗೆ ಬಂದಾಗ ಅವರಿಗೇನನ್ನಿಸಿತೋ ನಾನು ಕಲ್ಪಿಸಿ ಬರೆಯಹೋಗುವುದಿಲ್ಲ. ಆದರೆ ಕೃತಿಯೇ ಒಂದು ಮಾತು ಹೇಳುತ್ತದೆ. ಅಮ್ಮ, ಇದನ್ನು ನೀನು ತಿರುಗಿಸಿದರಷ್ಟೇ ಇದಕ್ಕೆ ಜೀವ, ಮತ್ತು ತಿರುಗಿಸಿದ್ದಕ್ಕೆ ನೀನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಇಷ್ಟು ಗೌರವ ತುಂಬಿದ ಉಡುಗೊರೆ ಎಷ್ಟು ತಾಯಂದಿರಿಗೆ ಸಿಗುತ್ತದೆ? ನಮ್ಮ ಕಡೆ ತಾಯಿಗೆ ಮಿಕ್ಸಿ ಕೊಡಿಸುತ್ತಾರೆ, ಕುಕ್ಕರ್ ಕೊಡಿಸುತ್ತಾರೆ. ಪ್ರೀತಿಯಿಂದಲೇ ಕೊಡಿಸುತ್ತಾರೆ. ಆದರೆ ಅದೂ ಅಡಿಗೆಮನೆಗೇ ಸೇರುತ್ತದೆ.

ಈಗ ಮಕ್ಕಳ ಕಡೆ ನೋಡೋಣ. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಗೊಂಬೆ ಗುಂಡಿ ಒತ್ತಿದರೆ ಹಾಡುತ್ತದೆ, ಕುಣಿಯುತ್ತದೆ, ದೀಪ ಬೆಳಗುತ್ತದೆ. ಮಗು ಕೈಕಟ್ಟಿ ನೋಡುತ್ತದೆ. ಒಳಗೇನಿದೆ ಎಂದು ಬಿಚ್ಚಿದರೆ ಬೈಗಳು. ಕೆಟ್ಟರೆ ಕಸದ ಬುಟ್ಟಿ. ತಂತಿಯ ಮೀನು ನಿಂತರೆ ಏಕೆ ನಿಂತಿತೆಂದು ಹೊರಗಿನಿಂದಲೇ ಕಾಣುತ್ತದೆ. ಉಂಗುರ ಬಿಗಿಯಾಗಿದೆ, ಇಕ್ಕಳ ತಂದು ಸಡಿಲಿಸು. ಯಂತ್ರವೆಂದರೆ ಮಾಯೆಯಲ್ಲ, ಯಾರೋ ಬಗ್ಗಿಸಿದ್ದು, ನಾನೂ ಬಗ್ಗಿಸಬಹುದು ಎಂಬ ಧೈರ್ಯ ಮಗುವಿಗೆ ಬರಬೇಕಾದದ್ದು ಇಲ್ಲಿಂದ. ಐ.ಐ.ಟಿ. ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಅವರು ಮಧ್ಯಪ್ರದೇಶದ ಹೊಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಪಾಠದ ಕೆಲಸಕ್ಕೆ 1978ರಲ್ಲಿ ಹೋಗಿ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ರೇಖಾಗಣಿತದ ಆಕೃತಿಗಳನ್ನು ಮಾಡಿ ತೋರಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಸದಿಂದ ಮಾಡಿದ ಆಟಿಕೆಗೆ ನಮ್ಮ ದೇಶ ಅಷ್ಟಾದರೂ ಮರ್ಯಾದೆ ಕೊಟ್ಟಿತೆಂಬುದು ಸಮಾಧಾನ.

ಆದರೆ ಹುಡುಗಿಯರ ಪಾಡು ಬೇರೆ. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಹುಡುಗರಿಗೆ ಇಕ್ಕಳ, ಗರಗಸ, ಹುಡುಗಿಯರಿಗೆ ಕಸೂತಿಯ ಚೌಕಟ್ಟು. ಕಸೂತಿ ಕೀಳಲ್ಲ. ಕಸೂತಿ ಮಾಡಿದ ಬೆರಳಿಗೆ ತಂತಿ ಬಗ್ಗಿಸುವುದು ಇನ್ನೂ ಸುಲಭ ಎಂಬುದನ್ನು ಈಗ ಕಣ್ಣಾರೆ ನೋಡಿದ್ದೇನೆ. ಆದರೆ "ಹುಡುಗಿಯರಿಗೆ ಇಕ್ಕಳ ಯಾಕೆ?" ಎಂದು ಅಂದು ಕೇಳಿದ ಪ್ರಶ್ನೆಯನ್ನು ಇಂದಿಗೂ ಬೇರೆ ಬೇರೆ ಬಾಯಲ್ಲಿ ಕೇಳುತ್ತಿದ್ದೇನೆ. ಮನೆಯಲ್ಲಿ ನಲ್ಲಿ ಸೋರಿದರೆ, ಫ್ಯಾನು ನಿಂತರೆ, ಮಿಕ್ಸಿ ಕೆಟ್ಟರೆ ಕೂಗುವುದು ಮಗನನ್ನು. ಮಗಳು ಎಂಜಿನಿಯರಿಂಗ್ ಓದುತ್ತಿದ್ದರೂ ಸ್ಕ್ರೂಡ್ರೈವರ್ ಎಲ್ಲಿದೆ ಎಂದು ಅವಳಿಗೆ ಗೊತ್ತಿರುವುದಿಲ್ಲ. ಹಿಡಿಕೆ ತಿರುಗಿಸುವ ಕೆಲಸ ಹೆಂಗಸಿಗೆ, ಹಿಡಿಕೆ ಮಾಡುವ ಕೆಲಸ ಗಂಡಸಿಗೆ ಎಂದು ಯಾರು ಹಂಚಿದರು? ಕಾಲ್ಡರನ ಬಗ್ಗೆಯೂ ಈ ಮಾತನ್ನು ಹೇಳಲೇಬೇಕು. ಅಮ್ಮನಿಗೆ ಹಿಡಿಕೆ ಕೊಟ್ಟದ್ದು ದೊಡ್ಡ ಮನಸ್ಸು. ಇಕ್ಕಳ ಮಾತ್ರ ಅವನ ಜೇಬಿನಲ್ಲೇ ಉಳಿಯಿತು.

ಇದನ್ನು ನಾನು ಕಾಲ್ಡರನ ಅಪರಾಧ ಎನ್ನುವುದಿಲ್ಲ. ಅವನು ತನ್ನ ಕೈಲಾದದ್ದನ್ನು ಕೊಟ್ಟ. 1955ರಲ್ಲಿ ಗಿರಾ ಸಾರಾಭಾಯಿ ಅವರ ಆಹ್ವಾನದ ಮೇರೆಗೆ ಅಹಮದಾಬಾದಿಗೆ ಬಂದು ಅವರ ಮನೆಯಲ್ಲಿ ಉಳಿದು ಅಲ್ಲೇ ಶಿಲ್ಪಗಳನ್ನು ಮಾಡಿಕೊಟ್ಟವನು ಅವನು. ದೊಡ್ಡ ಕಾರ್ಯಾಗಾರವಿಲ್ಲದೆಯೂ ತಂತಿ ತಗಡಿನಿಂದ ಕಲೆ ಹುಟ್ಟುತ್ತದೆಂದು ಹೀಗೆ ನಮ್ಮ ನೆಲದಲ್ಲೂ ತೋರಿಸಿದ. ಅಜ್ಜನ ಕಂಚಿಗೆ ಕುಲುಮೆ ಬೇಕಿತ್ತು. ಮೊಮ್ಮಗನ ತಂತಿಗೆ ಊಟದ ಮೇಜು ಸಾಕು. ಮೇಜು ಸಾಕಾಗುವ ಕಲೆಗೆ ಹೆಂಗಸರು ಬರಲು ಯಾವ ಅಡ್ಡಿಯೂ ಇರಬಾರದು. ಅವನ ಕೃತಿಯಿಂದ ನಾವು ಎತ್ತಿಕೊಳ್ಳಬೇಕಾದ ದೊಡ್ಡ ಪಾಠ ಇದೇ ಎಂದು ನನ್ನ ಅಭಿಪ್ರಾಯ.

"ಇದರಿಂದ ಮಾರ್ಕ್ಸ್ ಬರುತ್ತಾ ಟೀಚರ್?" ಎಂದು ತಾಯಿಯೊಬ್ಬರು ಕೇಳಿದರು. ಬರುವುದಿಲ್ಲ ಎಂದೆ. ಅವರು ಸುಮ್ಮನಾಗಿ ಮಗಳು ಮಾಡಿದ ಮೀನಿನ ಹಿಡಿಕೆಯನ್ನು ತಿರುಗಿಸುತ್ತ ನಿಂತರು. ಒಂದು ಸುತ್ತು, ಎರಡು ಸುತ್ತು, ಆಮೇಲೆ ಹಿಮ್ಮುಖ ಒಂದು ಸುತ್ತು. ಬಸ್ಸಿಗೆ ಹೊತ್ತಾಯಿತೆಂದು ಮಗಳೇ ಎಳೆದುಕೊಂಡು ಹೋಗಬೇಕಾಯಿತು.

ಒಟ್ಟಿನಲ್ಲಿ ನನ್ನ ತೀರ್ಪು ಹೀಗಿದೆ. 'ಗೋಲ್ಡ್‌ಫಿಶ್ ಬೌಲ್' ಸಣ್ಣ ಕೃತಿ, ಒಂದೇ ಮಾತಿನ ಕೃತಿ. ಆದರೆ ಕಾಲ್ಡರನ ಭಾರಿ ಕೃತಿಗಳಲ್ಲಿ ಕಾಣದ ಒಂದು ಸೌಜನ್ಯ ಅದರಲ್ಲಿದೆ. ಕಲಾವಿದ ತಾನು ಪಕ್ಕಕ್ಕೆ ಸರಿದು ನಿಮ್ಮ ಕೈಗೆ ಜಾಗ ಕೊಟ್ಟಿದ್ದಾನೆ. ಇಂಥ ಹಳೆಯ ಸೂಕ್ಷ್ಮ ವಸ್ತುಗಳನ್ನು ಇಂದು ಯಾರೂ ಮುಟ್ಟಗೊಡುವುದಿಲ್ಲ. ಸವೆದುಹೋಗದಿರಲಿ ಎಂದು ಹಾಗೆ ಕಾಯುವುದು ಸರಿಯೇ. ಮೂಲ ಮೀನನ್ನು ತಿರುಗಿಸುವ ಭಾಗ್ಯ ನಮಗಿಲ್ಲ. ಅದಕ್ಕಾಗಿ ಕೊರಗಬೇಕಾಗಿಯೂ ಇಲ್ಲ. ಹಾರ್ಡ್‌ವೇರ್ ಅಂಗಡಿ ನಿಮ್ಮ ಊರಿನಲ್ಲೂ ಇದೆ. ತಂತಿಯನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಸ್ವಲ್ಪವೇ ಸಾಕೆಂದು ಹೇಳಿ. ಇಕ್ಕಳ ಕೊಳ್ಳುವಾಗ ಎರಡು ಕೊಳ್ಳಿ, ಒಂದು ಮಗಳಿಗೆ, ಒಂದು ನಿಮಗೆ.